ಬಯಲಿಗೆ ಬಂದ ಬೆಟ್ಟದ ಜೀವ

ಮಕ್ತಲ್‌ನಿಂದ ಕೃಷ್ಣಾ ಕಡೆಗೆ ಹೋಗುವಾಗ ಒಂದಿಷ್ಟು ದೂರ ಎರೆ ಹೊಲ, ಒಂದಿಷ್ಟು ದೂರ ಮಸಾರಿ, ಅಲ್ಲಲ್ಲಿ ಗುಂಡುಗಲ್ಲಿನ ಗುಡ್ಡ. ಕುರಿ ಆಡು ಕೂಡಿದ ಹಿಂಡು ಅಲ್ಲಿ ಹಾಯುವುದನ್ನು ಈ ಭಾಗದ ಮಕ್ಕಳೆಲ್ಲ ಕಂಡಿರುತ್ತೀರಿ. ಕುರಿಗಳು ಒಂದಕ್ಕೊಂದು ಒತ್ತಿಕೊಂಡು, ತಲೆ ತಗ್ಗಿಸಿ, ನೆಲ ಮೇಯುತ್ತ ಹೋಗುತ್ತವೆ. ಆಡುಗಳ ದಾರಿಯೇ ಬೇರೆ. ಒಂದು ಬಂಡೆಯ ನೆತ್ತಿಯ ಮೇಲೆ ನಿಂತಿರುತ್ತದೆ. ಇನ್ನೊಂದು ಹಿಂಗಾಲ ಮೇಲೆ ಎದ್ದು, ಮುಂಗಾಲನ್ನು ಜಾಲಿ ಗಿಡದ ಟೊಂಗೆಗೆ ಕೊಟ್ಟು, ಆಳೆತ್ತರದ ಚಿಗುರಿಗೆ ಬಾಯಿ ಹಾಕಿರುತ್ತದೆ. ಮರಿಗಳಂತೂ ಬಂಡಿಯ ಮೂಕಿ, ಮನೆಯ ಕಟ್ಟೆ, ಮಲಗಿದ ಎಮ್ಮೆಯ ಬೆನ್ನು ಯಾವುದನ್ನೂ ಬಿಡುವುದಿಲ್ಲ. ಮನೆಯ ಮುತ್ಯಾನನ್ನು ಕೇಳಿದರೆ ಒಂದೇ ಮಾತು: "ಆಡಿಗಿ ಸೊಕ್ಕ ಭಾಳ."

ಮುತ್ಯಾನಿಗೆ ಆಡಿನ ಬಗ್ಗೆ ನನಗಿಂತ ಹೆಚ್ಚು ಗೊತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಒಂದು ಮಾತನ್ನು ನಾನು ಒಪ್ಪಲಾರೆ. ಆಡು ಬೆಟ್ಟದ ಪ್ರಾಣಿ. ಮನುಷ್ಯ ಅದನ್ನು ಬಯಲಿಗೆ ಇಳಿಸಿ ಸಾವಿರಾರು ವರ್ಷಗಳಾದವು. ಬೆಟ್ಟ ಮಾತ್ರ ಅದರ ಕಾಲಿನಿಂದ, ಕಣ್ಣಿನಿಂದ, ಬಾಯಿಂದ ಇನ್ನೂ ಹೋಗಿಲ್ಲ. ನಾವು ಸೊಕ್ಕು, ತುಂಟತನ, ಮೊಂಡುತನ ಅನ್ನುವುದೆಲ್ಲ ಬೆಟ್ಟದ ಬದುಕಿನಲ್ಲಿ ಅದರ ಜೀವ ಉಳಿಸಿದ ಜಾಣತನ. ಈ ವಾರ ನಾರಾಯಣಪೇಟೆ, ಮಕ್ತಲ್, ಗದ್ವಾಲದ ಮಕ್ಕಳಿಗೆ ಹೇಳಬೇಕೆಂದಿರುವುದು ಇದನ್ನೇ.

ಇಂದಿನ ಆಡುಗಳ ಪೂರ್ವಜ ಬೆಜೋರ್ ಎಂಬ ಕಾಡುಮೇಕೆ. ಪಶ್ಚಿಮ ಏಷ್ಯಾದ ಕಡಿದಾದ ಬೆಟ್ಟಗಳಲ್ಲಿ ಅದು ಈಗಲೂ ಇದೆ. ಇರಾನಿನ ಜಾಗ್ರೋಸ್ ಪರ್ವತಗಳ ನಡುವೆ ಗಂಜ್ ದಾರೆ ಎಂಬ ಪುರಾತನ ಹಳ್ಳಿಯ ನೆಲೆ ಸಿಕ್ಕಿದೆ. ಸುಮಾರು 10,000 ವರ್ಷಗಳ ಹಿಂದೆ ಅಲ್ಲಿನ ಜನ ಆಡು ಸಾಕುತ್ತಿದ್ದರು ಎಂಬುದು ಅಲ್ಲಿ ದೊರೆತ ಎಲುಬುಗಳಿಂದ ತಿಳಿಯುತ್ತದೆ. ಗಂಡು ಮರಿಗಳನ್ನು ಬೇಗ ಕೊಯ್ದು, ಹೆಣ್ಣನ್ನು ವಯಸ್ಸಾಗುವವರೆಗೆ ಉಳಿಸಿಕೊಂಡಿದ್ದರು. ಬೇಟೆಯಾಡುವವರು ಹಾಗೆ ಮಾಡುವುದಿಲ್ಲ, ಸಾಕುವವರು ಮಾಡುತ್ತಾರೆ. ಅಲ್ಲಿನ ಮಣ್ಣಿನ ಇಟ್ಟಿಗೆಗಳ ಮೇಲೆ ಗೊರಸಿನ ಗುರುತುಗಳೂ ಸಿಕ್ಕಿವೆ. ಯಾರೋ ಇಟ್ಟಿಗೆ ಕೊಯ್ದು ಒಣಗಲು ಬಿಟ್ಟಿದ್ದರು, ಆಡುಗಳು ಹಸಿ ಇಟ್ಟಿಗೆ ತುಳಿದುಕೊಂಡು ಹೋದವು. ಇಂದಿಗೂ ನಮ್ಮ ಅಂಗಳಗಳಲ್ಲಿ ಆಗುವುದು ಅದೇ.

ನಮ್ಮ ನೆಲದಲ್ಲೂ ಅಂಥ ಗುರುತು ಇದೆ. ಹಳೆಯ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ಒಂದು ಬೂದಿದಿಬ್ಬ ಇತ್ತು. 1957ರಲ್ಲಿ ಆಲ್‌ಚಿನ್ ಎಂಬ ಪುರಾತತ್ವಜ್ಞ ಅದನ್ನು ಅಗೆದು ನೋಡಿದರು. ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಲ್ಲಿ ದನದ ದೊಡ್ಡಿ ಇತ್ತು, ಸಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿ ಬಿದ್ದು ಬೂದಿಯ ದಿಬ್ಬವಾಗಿತ್ತು. ದೊಡ್ಡಿಯ ನೆಲದಲ್ಲಿ ದನಗಳ ಗೊರಸಿನ ಅಚ್ಚು ಹಾಗೆಯೇ ಉಳಿದಿತ್ತು. ದಖ್ಖನ್ನಿನ ಇಂಥ ಹಳೆಯ ನೆಲೆಗಳಲ್ಲಿ ದನದ ಎಲುಬಿನ ಜೊತೆಗೆ ಆಡು ಕುರಿಗಳ ಎಲುಬುಗಳೂ ಸಿಗುತ್ತವೆ. ನೀವು ಇಂದು ಕಾಯುವ ಹಿಂಡಿಗೆ ಈ ಭಾಗದಲ್ಲಿ ಅಷ್ಟು ಉದ್ದದ ಇತಿಹಾಸವಿದೆ.

ಈಗ ಕಾಲಿನಿಂದ ಶುರು ಮಾಡೋಣ. ಆಡಿನ ಗೊರಸು ಎರಡು ಸೀಳು. ಕಲ್ಲಿನ ಮೇಲೆ ಕಾಲಿಟ್ಟಾಗ ಎರಡೂ ಸೀಳು ಅಗಲವಾಗಿ ಕಲ್ಲನ್ನು ಹಿಡಿಯುತ್ತವೆ. ಗೊರಸಿನ ಅಂಚು ಗಟ್ಟಿ, ಒಳಗಿನ ಅಡಿ ಮೆತ್ತಗೆ. ಅಂಚು ಕಲ್ಲಿನ ಸಣ್ಣ ಏಣಿನ ಮೇಲೂ ಊರಿ ನಿಲ್ಲುತ್ತದೆ, ಮೆತ್ತನೆಯ ಅಡಿ ಜಾರದಂತೆ ಕಚ್ಚಿಕೊಳ್ಳುತ್ತದೆ. ಬೆಟ್ಟದಲ್ಲಿ ತೋಳ, ಚಿರತೆ ಬೆನ್ನಟ್ಟಿದಾಗ ಅವುಗಳ ಕಾಲು ನಿಲ್ಲದ ಕಡೆಗೆ ಏರಿ ನಿಂತ ಆಡು ಬದುಕಿತು. ಹಾಗಾಗಿ ಎತ್ತರದ ಜಾಗ ಎಂದರೆ ಆಡಿನ ಮನಸ್ಸಿಗೆ ನಿರಾಳ. ರಾತ್ರಿ ದೊಡ್ಡಿಯಲ್ಲಿ ಒಂದು ಕಲ್ಲೋ ಕಟ್ಟೆಯೋ ಇದ್ದರೆ ಗಮನಿಸಿ. ಗುಂಪಿನ ಗಟ್ಟಿ ಆಡು ಅದನ್ನೇ ಹಿಡಿದು ಮಲಗಿರುತ್ತದೆ.

ಆಡಿನ ಕಣ್ಣು ಇದಕ್ಕಿಂತ ಬೆರಗಿನದು. ನಮ್ಮ ಕಣ್ಣಿನ ಕರಿಪಾಪೆ ದುಂಡಗಿದೆ. ಆಡಿನದು ಅಡ್ಡಡ್ಡ ಉದ್ದವಾದ ಪಟ್ಟಿ. ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ. ಹೀಗಾಗಿ ಆಡು ತಲೆ ತಿರುಗಿಸದೆಯೇ ಸುತ್ತಲೂ ಸುಮಾರು 320 ಡಿಗ್ರಿಯಷ್ಟು ನೋಡಬಲ್ಲದು. ನೀವು ಹಿಂದಿನಿಂದ ಮೆಲ್ಲಗೆ ಹೋಗಿ ಹಿಡಿಯಲು ಹೊರಟರೆ ಅದಕ್ಕೆ ಮೊದಲೇ ಗೊತ್ತಾಗುವುದು ಇದರಿಂದ. ಆದರೆ ಮೇಯಲು ತಲೆ ತಗ್ಗಿಸಿದಾಗ ಆ ಪಟ್ಟಿಯೂ ತಲೆಯೊಂದಿಗೆ ವಾಲಬೇಕಲ್ಲ? ವಾಲಿದರೆ ದೂರದಿಂದ ನೆಲದಗುಂಟ ಬರುವ ತೋಳ ಸರಿಯಾಗಿ ಕಾಣುವುದಿಲ್ಲ. ಅಮೆರಿಕದ ಬರ್ಕ್‌ಲಿಯ ಮಾರ್ಟಿನ್ ಬ್ಯಾಂಕ್ಸ್ ಮತ್ತು ಅವರ ಜೊತೆಯವರು 2015ರಲ್ಲಿ ಇದನ್ನು ತೋರಿಸಿಕೊಟ್ಟರು: ತಲೆ ಕೆಳಗೆ ಹೋದಂತೆ ಕಣ್ಣುಗುಡ್ಡೆಗಳು ಗೂಡಿನೊಳಗೇ ತಿರುಗುತ್ತವೆ, 50 ಡಿಗ್ರಿವರೆಗೂ. ಪಟ್ಟಿ ನೆಲಕ್ಕೆ ಸಮನಾಗಿಯೇ ಉಳಿಯುತ್ತದೆ. ಇದನ್ನು ನೋಡಲು ಯಾವ ಉಪಕರಣವೂ ಬೇಡ. ಸಾಧುವಾದ ಒಂದು ಆಡಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಅದು ತಲೆ ಎತ್ತಿದಾಗ ಒಮ್ಮೆ, ನೆಲಕ್ಕೆ ಬಾಯಿ ಹಾಕಿದಾಗ ಒಮ್ಮೆ ಕಣ್ಣಿನ ಪಟ್ಟಿ ನೋಡಿ. ತಲೆ ವಾಲಿರುತ್ತದೆ, ಪಟ್ಟಿ ವಾಲಿರುವುದಿಲ್ಲ.

ಅಪಾಯ ಕಂಡ ಆಡು ಮೂಗಿನಿಂದ ಸೀನಿದಂತೆ ಒಂದು ಸದ್ದು ಹೊರಡಿಸಿ ಮುಂಗಾಲು ಅಪ್ಪಳಿಸುತ್ತದೆ. ಹಿಂಡೆಲ್ಲ ಒಮ್ಮೆಲೆ ತಲೆ ಎತ್ತುತ್ತದೆ. ನಾಯಿ ಬರುವ ಮೊದಲೇ ಕಾಯುವವನಿಗೆ ಸುದ್ದಿ ಮುಟ್ಟಿರುತ್ತದೆ.

ಇನ್ನು ಬಾಯಿ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆ ನಿಮ್ಮೆಲ್ಲರ ಬಾಯಲ್ಲಿದೆ. ಗಾದೆ ಹೇಳುವುದು ಮುಟ್ಟುವುದನ್ನು, ತಿನ್ನುವುದನ್ನಲ್ಲ ಎಂಬುದನ್ನು ಗಮನಿಸಬೇಕು. ಆಡು ಎಲ್ಲವನ್ನೂ ಮುಟ್ಟಿ ನೋಡುತ್ತದೆ, ಆರಿಸಿ ತಿನ್ನುತ್ತದೆ. ನಮಗೆ ಬೆರಳಿದ್ದ ಹಾಗೆ ಅದಕ್ಕೆ ತುಟಿ. ಮೇಲ್ದುಟಿ ಬೇಕಾದ ಕಡೆ ಹೊರಳುತ್ತದೆ, ನಾಲಿಗೆ ಚೂಪಾಗಿ ಮುಂದೆ ಚಾಚುತ್ತದೆ. ಬಾರಿ ಗಿಡದ ಎರಡು ಮುಳ್ಳಿನ ನಡುವಿನ ಒಂದೇ ಒಂದು ಎಲೆಯನ್ನು, ಮುಳ್ಳು ತಾಕದಂತೆ ಎಳೆದುಕೊಳ್ಳಬಲ್ಲದು. ಹತ್ತಿರ ನಿಂತು ನೋಡಿ: ತುಟಿ ಎಲೆಯನ್ನು ಮೊದಲು ಸವರುತ್ತದೆ, ಮೂಗು ಮೂಸುತ್ತದೆ, ಆಮೇಲೆ ಹರಿದುಕೊಳ್ಳುತ್ತದೆ ಅಥವಾ ಬಿಟ್ಟು ಮುಂದಕ್ಕೆ ಹೋಗುತ್ತದೆ. ಹತ್ತು ನಿಮಿಷದಲ್ಲಿ ಏಳೆಂಟು ಬಗೆಯ ಗಿಡಕ್ಕೆ ಬಾಯಿ ಹಾಕಿರುತ್ತದೆ. ಒಂದನ್ನೇ ಹೊಟ್ಟೆ ತುಂಬ ತಿಂದರೆ ಅದರ ವಿಷವೂ ಹೊಟ್ಟೆ ತುಂಬುತ್ತದೆ. ಹತ್ತು ಕಡೆ ಒಂದೊಂದು ತುತ್ತು ತಿಂದರೆ ಯಾವ ಗಿಡದ ಕೆಡುಕೂ ಮಿತಿ ಮೀರುವುದಿಲ್ಲ.

ಜಾಲಿ, ಬನ್ನಿಯಂಥ ಗಿಡಗಳ ಎಲೆಯಲ್ಲಿ ಒಗರು ಹೆಚ್ಚು. ಆ ಒಗರು ಹಸುವಿನ ಹೊಟ್ಟೆಗೆ ಅಷ್ಟಾಗಿ ಒಗ್ಗುವುದಿಲ್ಲ. ಆಡಿನ ಜೊಲ್ಲಿನಲ್ಲಿ ಒಗರನ್ನು ಕಟ್ಟಿಹಾಕುವ ಅಂಶವಿದೆ. ಬೇಸಿಗೆಯಲ್ಲಿ ಹುಲ್ಲೆಲ್ಲ ಸುಟ್ಟುಹೋಗಿ ಬಳ್ಳಾರಿ ಜಾಲಿಯೊಂದೇ ಹಸಿರಾಗಿ ನಿಂತಾಗ, ಎಮ್ಮೆ ಸೊರಗಿದರೂ ಆಡು ಅದರ ಕಾಯಿ ತಿಂದು ಬದುಕುತ್ತದೆ. ಆ ಕಾಯಿಯ ಬೀಜಗಳಲ್ಲಿ ಕೆಲವು ಹಿಕ್ಕೆಯೊಂದಿಗೆ ಹೊರಬಂದು ಬೇರೆ ಕಡೆ ಮೊಳೆಯುತ್ತವೆ. ದೊಡ್ಡ ಬೀಜಗಳನ್ನು ಮೆಲುಕು ಹಾಕುವಾಗ ಬಾಯಿಂದಲೇ ಉಗುಳುವುದೂ ಉಂಟು. ಸ್ಪೇನ್ ದೇಶದ ಸಂಶೋಧಕರು 2017ರಲ್ಲಿ ಇದನ್ನು ಬರೆದರು. ಆಡು ಗಿಡ ತಿನ್ನುತ್ತದೆ ಎಂದು ಬೈಯುವವರು ಗಿಡ ಬಿತ್ತುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗೆಂದು ಆಡಿಗೆ ಎಲ್ಲವೂ ಗೊತ್ತು ಎಂದು ಬಿಟ್ಟುಬಿಡುವಂತಿಲ್ಲ. ಅದರ ಬೆಟ್ಟದ ಬುದ್ಧಿಗೆ ನಮ್ಮ ಹೊಲದ ಕೆಲವು ಅಪಾಯಗಳು ಗೊತ್ತಿಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಕೂಳೆಯಿಂದ ಬಂದ ಹೊಸ ಚಿಗುರು ಇವುಗಳಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಪ್ರಾಣಿ ಏದುಸಿರು ಬಿಟ್ಟು ಬೀಳಬಹುದು. ನಮ್ಮ ಕಡೆ ಔಡಲ ಬೆಳೆಯುತ್ತಾರೆ, ಅದರ ಬೀಜ ಬಲು ವಿಷ. ಕಣದಲ್ಲಿ ರಾಶಿ ಮಾಡಿದ ಕಾಳಿಗೆ ನುಗ್ಗಿದರೂ ಕೆಟ್ಟದ್ದೇ, ಹೊಟ್ಟೆಯೊಳಗೆ ಹುಳಿಯಾಗಿ ಉಬ್ಬರಿಸುತ್ತದೆ. ಪ್ಲಾಸ್ಟಿಕ್ ಚೀಲದ ಮಾತು ಬೇರೆಯಾಗಿಯೇ ಹೇಳಬೇಕು. ಆಡು ಕಾಗದ, ಬಟ್ಟೆ, ಚೀಲ ಬಾಯಿಗೆ ಹಾಕುವುದು ಹಸಿವಿನಿಂದಲೇ ಅಲ್ಲ, ತುಟಿಯಿಂದಲೇ ಲೋಕವನ್ನು ಪರೀಕ್ಷಿಸುವ ಅಭ್ಯಾಸದಿಂದ. ಉಪ್ಪುಕಾರ ಅಂಟಿದ ಚೀಲವಾದರೆ ನುಂಗಿಯೇಬಿಡುತ್ತದೆ. ಒಳಗೆ ಹೋದದ್ದು ಕರಗುವುದಿಲ್ಲ, ಹಿಂದೆಯೂ ಬರುವುದಿಲ್ಲ, ಹೊಟ್ಟೆಯಲ್ಲೇ ಸುರುಳಿ ಸುತ್ತಿಕೊಂಡು ಮೇವಿಗೆ ಜಾಗವಿಲ್ಲದಂತೆ ಮಾಡುತ್ತದೆ. ಸಂತೆ ಮುಗಿದ ಮೇಲೆ ಬಯಲಿನಲ್ಲಿ ಹಾರಾಡುವ ಚೀಲಗಳನ್ನು ನೋಡಿದಾಗಲೆಲ್ಲ ನನಗೆ ಇದೇ ಸಂಕಟ.

ಮೆಲುಕು ಹಾಕುವುದನ್ನು ನೀವು ನೋಡಿದ್ದೀರಿ. ಆಡಿನ ಹೊಟ್ಟೆಗೆ ನಾಲ್ಕು ಕೋಣೆ. ಬಯಲಲ್ಲಿ ಬೇಗ ಬೇಗ ನುಂಗಿದ್ದು ಮೊದಲನೆಯ ದೊಡ್ಡ ಕೋಣೆಗೆ ಹೋಗುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಕೊಳೆಸುತ್ತವೆ. ನೆರಳಲ್ಲಿ ಮಲಗಿದಾಗ ಉಂಡೆ ಉಂಡೆಯಾಗಿ ಅದು ಬಾಯಿಗೆ ಬರುತ್ತದೆ. ಕುತ್ತಿಗೆಯ ಎಡ ಮಗ್ಗುಲನ್ನೇ ನೋಡುತ್ತಿದ್ದರೆ ಉಂಡೆ ಸರಕ್ಕನೆ ಮೇಲೇರುವುದು ಕಾಣುತ್ತದೆ. ಆಡಿನ ಎಡ ಪಕ್ಕೆಯ ಹಿಂದಿನ ಗುಳಿಯ ಮೇಲೆ ಅಂಗೈ ಇಟ್ಟು ಸುಮ್ಮನೆ ಕಾಯಿರಿ. ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಕೈಯನ್ನು ಯಾರೋ ನೂಕಿದಂತಾಗುತ್ತದೆ. ಹೊಟ್ಟೆ ಮೇವನ್ನು ಕಲಸುತ್ತಿದೆ ಎಂದರ್ಥ. ಅದು ನಿಂತರೆ ಆಡಿಗೆ ಹುಷಾರಿಲ್ಲ. ಪಶುವೈದ್ಯರೂ ಮೊದಲು ಪರೀಕ್ಷಿಸುವುದು ಅಲ್ಲಿಯೇ.

ಬಾಯಿಯ ಮಾತು ಬಂದದ್ದರಿಂದ ಹಲ್ಲನ್ನೂ ನೋಡಿಬಿಡೋಣ. ಆಡಿಗೆ ಮೇಲ್ಗಡೆ ಮುಂಬಾಯಲ್ಲಿ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಕೆಳಗೆ ಎಂಟು ಹಲ್ಲು. ಹಾಲು ಹಲ್ಲು ಬಿದ್ದು ಸುಮಾರು ಒಂದೂಕಾಲು ವರ್ಷಕ್ಕೆ ನಡುವಿನ ಎರಡು ದೊಡ್ಡ ಹಲ್ಲು ಬರುತ್ತವೆ. ಆಮೇಲೆ ವರ್ಷಕ್ಕೆ ಎರಡರಂತೆ, ನಾಲ್ಕು ವರ್ಷದ ಹೊತ್ತಿಗೆ ಎಂಟೂ ತುಂಬುತ್ತವೆ. ಸಂತೆಯಲ್ಲಿ ಕೊಳ್ಳುವವರು ಮೊದಲು ತುಟಿ ಎತ್ತಿ ನೋಡುವುದು ಈ ಲೆಕ್ಕಕ್ಕೆ.

ಆಡು ಐದು ತಿಂಗಳು ಹೊತ್ತು ಮರಿ ಹಾಕುತ್ತದೆ, ಅವಳಿಯೇ ಹೆಚ್ಚು. ಹುಟ್ಟಿದ ಮರಿಯನ್ನು ತಾಯಿ ನೆಕ್ಕುವುದು ಒರೆಸುವುದಕ್ಕಷ್ಟೇ ಅಲ್ಲ. ಆ ಮೊದಲ ಒಂದೆರಡು ತಾಸಿನಲ್ಲಿ ಮರಿಯ ವಾಸನೆ ತಾಯಿಯ ಮನಸ್ಸಿಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಮರಿಯನ್ನು ಎತ್ತಿಕೊಂಡು ಹೋಗಿ ಆಡಿಸಿ ಬಹಳ ಹೊತ್ತಿನ ಮೇಲೆ ತಂದು ಬಿಟ್ಟರೆ, ಕೆಲವು ತಾಯಾಡುಗಳು ಅದನ್ನು ತಮ್ಮದೆಂದು ಒಪ್ಪದೆ ಹಾಯುತ್ತವೆ. ಎಳೆ ಮರಿ ಎಷ್ಟೇ ಮುದ್ದಾಗಿದ್ದರೂ ಮೊದಲ ದಿನ ತಾಯಿಗೇ ಬಿಡಿ.

ಕುರಿಮರಿ ಹುಟ್ಟಿದಂದಿನಿಂದಲೇ ತಾಯಿಯ ಬೆನ್ನು ಹತ್ತುತ್ತದೆ. ಆಡಿನ ಮರಿ ಹಾಗಲ್ಲ. ಮೊದಲ ಕೆಲವು ದಿನ ಅದು ಪೊದೆಯಲ್ಲೋ ಬಂಡೆಯ ಸಂದಿಯಲ್ಲೋ ಮುದುರಿ ಅಡಗಿರುತ್ತದೆ. ತಾಯಿ ಮೇಯಲು ಹೋಗಿ ನಡುನಡುವೆ ಬಂದು ಹಾಲು ಕೊಟ್ಟು ಹೋಗುತ್ತದೆ. ಬೆಟ್ಟದಲ್ಲಿ ತಾಯಿಯ ಜೊತೆ ಏರಲಾಗದ ಮರಿಗೆ ಇದೇ ರಕ್ಷೆ. ಹಳ್ಳಿಗಳಲ್ಲಿ ಎಳೆ ಮರಿಗಳನ್ನು ದೊಡ್ಡ ಬಿದಿರು ಬುಟ್ಟಿಯ ಕೆಳಗೆ ಮುಚ್ಚಿಟ್ಟು ಹಿಂಡನ್ನು ಅಡವಿಗೆ ಹೊಡೆಯುತ್ತಾರೆ. ಬುಟ್ಟಿಯ ಕತ್ತಲಲ್ಲಿ ಮರಿಗಳು ಗಲಾಟೆಯಿಲ್ಲದೆ ಮಲಗಿರುತ್ತವೆ. ಅಡಗಿರುವುದು ಅವುಗಳ ಹುಟ್ಟುಗುಣ. ನಮ್ಮ ಹಿರಿಯರು ಆ ಗುಣ ಕಂಡೇ ಬುಟ್ಟಿ ಹೆಣೆದರು ಎಂದು ನನ್ನ ನಂಬಿಕೆ.

ಸಂಜೆ ಹಿಂಡು ಮರಳಿದಾಗಿನ ಗದ್ದಲ ಕೇಳಿದ್ದೀರಲ್ಲ? ನಮಗೆ ಎಲ್ಲವೂ ಒಂದೇ "ಮ್ಯಾಂ". ತಾಯಿಗೆ ಹಾಗಲ್ಲ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಎಲೊಡಿ ಬ್ರೀಫರ್, ಅಲನ್ ಮೆಕೆಲಿಗಾಟ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಿಯನ್ನು ಬೇರ್ಪಡಿಸಿ ಏಳರಿಂದ ಹದಿಮೂರು ತಿಂಗಳಾದ ಮೇಲೂ ತಾಯಿ ಅದರ ಹಳೆಯ ದನಿಯನ್ನು ಗುರುತಿಸಿ ಓಗೊಡುತ್ತದೆ. ಮಾರಿದ ಮರಿಗಾಗಿ ಆಡು ನಾಲ್ಕು ದಿನ ಒದರಿ ಮರೆತುಬಿಡುತ್ತದೆ ಎನ್ನುವವರು ಇದನ್ನು ತಿಳಿಯಬೇಕು.

ಅದೇ ವರ್ಷ ಅವರಿಬ್ಬರು ಇನ್ನೊಂದು ಸಂಗತಿ ಕಂಡುಕೊಂಡರು. ಮರಿಗಳು ಒಂದು ವಾರದವಾಗಿದ್ದಾಗ ಅವುಗಳ ದನಿ ದಾಖಲಿಸಿದರು, ಐದು ವಾರದವಾದಾಗ ಮತ್ತೆ ದಾಖಲಿಸಿದರು. ಅಷ್ಟರಲ್ಲಿ ಮರಿಗಳು ತಮ್ಮ ತಮ್ಮ ಗುಂಪು ಕಟ್ಟಿಕೊಂಡು ಆಡತೊಡಗಿದ್ದವು. ಒಂದೇ ಗುಂಪಿನಲ್ಲಿ ಬೆಳೆದ ಮರಿಗಳ ಕೂಗು ಒಂದರಂತೆ ಒಂದು ಆಗಿತ್ತು. ಬೇರೆ ಗುಂಪಿನದಕ್ಕೆ ಬೇರೆಯದೇ ಧಾಟಿ. ಮಕ್ತಲ್, ಮಾಗನೂರು, ಕೃಷ್ಣಾ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುತ್ತ ಬೆಳೆದ ನಿಮ್ಮ ಕನ್ನಡಕ್ಕೆ ನಿಮ್ಮದೇ ರಾಗವಿದೆ. ರಾಯಚೂರಿಗೆ ಹೋಗಿ ಎರಡು ಮಾತಾಡಿದರೆ ನೀವು ಯಾವ ಕಡೆಯವರೆಂದು ಕೇಳಿದವರು ಹೇಳಿಬಿಡುತ್ತಾರೆ.

ಹೋತಗಳ ಜಗಳ ನೋಡಲು ಮಕ್ಕಳಿಗೆ ಬಲು ಇಷ್ಟ. ಟಗರುಗಳು ಹಿಂದೆ ಹಿಂದೆ ಸರಿದು, ಓಡಿ ಬಂದು ಡಿಕ್ಕಿ ಹೊಡೆಯುತ್ತವೆ. ಆಡುಗಳು ನಿಂತಲ್ಲೇ ಹಿಂಗಾಲ ಮೇಲೆ ಎದ್ದು, ತಲೆ ವಾರೆ ಮಾಡಿ, ಮೇಲಿನಿಂದ ಕೊಂಬು ಇಳಿಸುತ್ತವೆ. ಬೆಟ್ಟದ ಅಂಚಿನಲ್ಲಿ ಹಿಂದೆ ಸರಿದು ಓಡಲು ಜಾಗವೆಲ್ಲಿ ಎಂದು ಯೋಚಿಸಿದರೆ ಈ ವ್ಯತ್ಯಾಸ ಅರ್ಥವಾಗುತ್ತದೆ. ಮರಿಗಳ ಗುದ್ದಾಟವೆಲ್ಲ ಇದರ ಅಭ್ಯಾಸ. ಒಮ್ಮೆ ಯಾರು ಮೇಲು ಯಾರು ಕೆಳಗು ಎಂದು ತೀರ್ಮಾನವಾದರೆ ಆಮೇಲೆ ಬರೀ ಕಣ್ಣುಬಿಟ್ಟು ನೋಡಿದರೂ ಸಾಕು, ಕೆಳಗಿನದು ದಾರಿ ಬಿಡುತ್ತದೆ. ಹೋತ ಒಮ್ಮೊಮ್ಮೆ ಮೂಗು ಮೇಲೆತ್ತಿ ಮೇಲ್ದುಟಿ ಮಡಚಿ ನಿಲ್ಲುವುದನ್ನು ನೋಡಿ ನೀವು ಹೋತ ನಗುತ್ತಿದೆ ಎನ್ನುತ್ತೀರಿ. ಅದರ ಅಂಗುಳಲ್ಲಿ ವಾಸನೆ ಹಿಡಿಯುವ ಇನ್ನೊಂದು ಅಂಗವಿದೆ. ಹೆಣ್ಣಾಡಿನ ವಾಸನೆಯನ್ನು ಅಲ್ಲಿಗೆ ಎಳೆದುಕೊಳ್ಳುತ್ತಿರುತ್ತದೆ.

ದಖ್ಖನಿ ಕುರಿ ಸಾಕುವ ನಮ್ಮ ಕುರುಬರು, ಗೊಲ್ಲರು ಕುರಿಹಿಂಡಿನಲ್ಲಿ ಕೆಲವು ಆಡುಗಳನ್ನು ಬಿಟ್ಟಿರುತ್ತಾರೆ. ಹಾಲಿಗೆ ಆಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ಹೊಸ ದಾರಿ, ಕಾಲುವೆಯ ಸೇತುವೆ, ಗೇಟು ಎದುರಾದಾಗ ಕುರಿಗಳು ಗುಂಪುಗಟ್ಟಿ ನಿಂತುಬಿಡುತ್ತವೆ. ಆಡು ಮುಂದೆ ಹೋಗಿ ಮೂಸಿ ನೋಡಿ ಕಾಲಿಡುತ್ತದೆ. ಅದರ ಹಿಂದೆ ಕುರಿಗಳು ಹರಿಯುತ್ತವೆ. ಹೊಸದನ್ನು ಪರೀಕ್ಷಿಸುವ ಕುತೂಹಲ ಆಡಿಗೆ ಹೆಚ್ಚು. 2014ರಲ್ಲಿ ಅದೇ ಲಂಡನ್ನಿನ ತಂಡ ಆಡುಗಳ ಮುಂದೆ ಒಂದು ಪೆಟ್ಟಿಗೆ ಇಟ್ಟಿತು. ಹಗ್ಗ ಎಳೆದು, ಆಮೇಲೆ ಒಂದು ಹಿಡಿ ಎತ್ತಿದರೆ ತಿನಿಸು ಸಿಗುತ್ತದೆ. ಹೆಚ್ಚಿನ ಆಡುಗಳು ಬೇಗನೆ ಕಲಿತವು, ಹತ್ತು ತಿಂಗಳ ಮೇಲೆ ಅದೇ ಪೆಟ್ಟಿಗೆ ಇಟ್ಟಾಗಲೂ ಮರೆತಿರಲಿಲ್ಲ. 2016ರಲ್ಲಿ ತೆರೆಯಲಾಗದ ಪೆಟ್ಟಿಗೆ ಇಟ್ಟರು. ಆಡುಗಳು ಪೆಟ್ಟಿಗೆಯನ್ನು ನೋಡಿದವು, ತಿರುಗಿ ಮನುಷ್ಯನ ಮುಖ ನೋಡಿದವು, ಮತ್ತೆ ಪೆಟ್ಟಿಗೆ ನೋಡಿದವು. ಆತ ಬೆನ್ನು ತಿರುಗಿಸಿ ನಿಂತಿದ್ದಾಗ ಹಾಗೆ ನೋಡುವುದು ಕಡಿಮೆ. ನೀರಿನ ಬೋಗುಣಿ ಖಾಲಿಯಾದಾಗ ನಿಮ್ಮ ಆಡು ನಿಮ್ಮನ್ನೇ ದಿಟ್ಟಿಸುವುದಕ್ಕೆ ಅರ್ಥವಿದೆ, ಅದು ನಿಮ್ಮನ್ನು ಕೇಳುತ್ತಿದೆ.

2019ರ ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 14.9 ಕೋಟಿ ಆಡುಗಳಿದ್ದವು. ಹೆಚ್ಚಿನವು ಹೊಲ ಕಡಿಮೆಯಿರುವ ಅಥವಾ ಇಲ್ಲವೇ ಇಲ್ಲದ ಮನೆಗಳಲ್ಲಿ. ಮಗಳ ಶಾಲೆಗೋ ಆಸ್ಪತ್ರೆಗೋ ದುಡ್ಡು ಬೇಕಾದಾಗ ಒಂದು ಆಡು ಸಂತೆಗೆ ಹೋಗುತ್ತದೆ. ಈಚೆಗೆ ಊರೂರಿನ ಗಾಯರಾಣಗಳು ಕಿರಿದಾಗುತ್ತಿವೆ, ಹಿಂಡು ಬಿಡುವ ಜಾಗ ಕಡಿಮೆಯಾಗಿ ಆಡುಗಳನ್ನು ಮನೆಯ ಮುಂದೆ ಗೂಟಕ್ಕೆ ಕಟ್ಟುವುದು ಹೆಚ್ಚುತ್ತಿದೆ. ಬೆಟ್ಟ ಏರಿ, ಹತ್ತು ಗಿಡ ಮುಟ್ಟಿ, ಜೊತೆಯವರೊಂದಿಗೆ ಅಲೆಯುವ ಪ್ರಾಣಿಗೆ ಮೂರು ಮೊಳದ ಹಗ್ಗ ದೊಡ್ಡ ಶಿಕ್ಷೆ. ಕಟ್ಟಲೇಬೇಕಾದ ಮನೆಗಳಲ್ಲಿ ಮಕ್ಕಳು ಮಾಡಬಹುದಾದ ಕೆಲಸಗಳಿವೆ. ಒಂಟಿಯಾಗಿ ಕಟ್ಟಬೇಡಿ, ಇನ್ನೊಂದು ಆಡು ಕಣ್ಣಿಗೆ ಬೀಳುವಂತೆ ಕಟ್ಟಿ. ಒಂಟಿ ಆಡು ದಿನವಿಡೀ ಒದರುವುದು ಹಸಿವಿಗಲ್ಲ, ಜೊತೆಗಾಗಿ. ಏರಿ ನಿಲ್ಲಲು ಒಂದು ದೊಡ್ಡ ಕಲ್ಲು ಉರುಳಿಸಿ ಹಾಕಿ. ಸೊಪ್ಪನ್ನು ನೆಲಕ್ಕೆ ಚೆಲ್ಲಬೇಡಿ. ತುಳಿದ, ಹಿಕ್ಕೆ ತಾಗಿದ ಮೇವನ್ನು ಆಡು ಹಸಿದಿದ್ದರೂ ಮುಟ್ಟುವುದಿಲ್ಲ. ಬೇವು, ಹುಣಸೆ, ಬಾರಿ ಟೊಂಗೆಗಳನ್ನು ಕಂತೆ ಕಟ್ಟಿ ಅದರ ಮುಖದ ಎತ್ತರಕ್ಕಿಂತ ತುಸು ಮೇಲೆ ತೂಗುಹಾಕಿ. ಮಳೆ ಬಂದರೆ ಮೊದಲು ಅದರ ಹಗ್ಗ ಬಿಚ್ಚಿ. ಕುರಿಯ ಉಣ್ಣೆಯಲ್ಲಿ ಜಿಡ್ಡಿದೆ, ಆಡಿನ ಕೂದಲಲ್ಲಿ ಅಂಥ ಜಿಡ್ಡಿಲ್ಲ, ನಾಲ್ಕು ಹನಿಗೇ ಅದು ಸೂರು ಹುಡುಕುತ್ತದೆ.